ಹೊಸೂರು ರಸ್ತೆಯ ನಾಲ್ಕನೆಯ ವ್ರತ

ನಮ್ಮ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಂದಿನಿಂದ ಬೊಮ್ಮಸಂದ್ರ ಆ ದಾರಿಯ ಕೊನೆಯ ನಿಲ್ದಾಣ. ಅಲ್ಲಿ ಇಳಿಯುವವರಲ್ಲಿ ಎರಡು ಬಗೆಯವರು ಎದ್ದು ಕಾಣುತ್ತಾರೆ. ಕೊರಳಲ್ಲಿ ಐ.ಡಿ. ಕಾರ್ಡು ತೂಗಿಸಿಕೊಂಡು ಪಾಳಿಗೆ ಹೊರಟವರು ಒಂದಷ್ಟು ಜನ. ಸ್ಕ್ಯಾನಿಂಗ್ ರಿಪೋರ್ಟುಗಳ ದೊಡ್ಡ ಕವರು ಹಿಡಿದು ನಾರಾಯಣ ಹೆಲ್ತ್ ಸಿಟಿಯ ದಾರಿ ಕೇಳುವವರು ಇನ್ನೊಂದಷ್ಟು ಜನ. ಪಶ್ಚಿಮ ಬಂಗಾಳ, ಅಸ್ಸಾಂ, ಬಾಂಗ್ಲಾದೇಶದಿಂದ ಇಲ್ಲಿಗೆ ಎಷ್ಟು ರೋಗಿಗಳು ಬರುತ್ತಾರೆಂದರೆ, ಆಸ್ಪತ್ರೆಯ ಸುತ್ತಲಿನ ಲಾಡ್ಜು, ಹೋಟೆಲುಗಳ ಬೋರ್ಡಿನ ಮೇಲೆ ಬಂಗಾಳಿ ಅಕ್ಷರಗಳೂ ಕಾಣಸಿಗುತ್ತವೆ.

ಈ ಆಸ್ಪತ್ರೆ ಚರ್ಚಿನದಲ್ಲ. ಕಟ್ಟಿದ ಡಾ. ದೇವಿ ಶೆಟ್ಟಿ ದಕ್ಷಿಣ ಕನ್ನಡದ ಕಿನ್ನಿಗೋಳಿಯವರು. ಸಂಸ್ಥೆ ಇಂದು ಷೇರುಪೇಟೆಯಲ್ಲಿರುವ ಕಂಪನಿ. ಆದರೂ ಇದರ ಹಿಂದಿನ ಕಥೆಯಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿ ಇದ್ದಾರೆ. 1989ರಲ್ಲಿ ಲಂಡನ್ನಿನಿಂದ ಮರಳಿ ಕೋಲ್ಕತ್ತದ ಬಿ.ಎಂ. ಬಿರ್ಲಾ ಹೃದಯ ಕೇಂದ್ರದಲ್ಲಿ ಕೆಲಸಕ್ಕಿದ್ದ ಶೆಟ್ಟರಿಗೆ, ಮನೆಗೇ ಬಂದು ಒಬ್ಬ ರೋಗಿಯನ್ನು ನೋಡಬೇಕೆಂದು ಕರೆ ಬಂತು. ಹೋಗಿ ನೋಡಿದರೆ ರೋಗಿ ಮದರ್ ತೆರೇಸಾ. ಮುಂದೆ ಅವರ ಹೃದಯದ ಆರೈಕೆ ಶೆಟ್ಟರ ಪಾಲಿಗೆ ಬಂತು. ಆ ಒಡನಾಟ ತಮ್ಮ ಬದುಕಿನ ದಿಕ್ಕನ್ನೇ ಬದಲಿಸಿತೆಂದು ಅವರು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೊಮ್ಮಸಂದ್ರದ ಆಸ್ಪತ್ರೆ ಕಟ್ಟಿದ ಹೊಸತರಲ್ಲೇ, 2003ರಲ್ಲಿ, ಅವರ ಆಲೋಚನೆಯನ್ನು ರಾಜ್ಯದ ಸಹಕಾರ ಇಲಾಖೆ ಕೈಗೆತ್ತಿಕೊಂಡು ‘ಯಶಸ್ವಿನಿ’ ಯೋಜನೆ ತಂದಿತು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ವಿಮೆ ಸಿಗುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಒಬ್ಬ ಸನ್ಯಾಸಿನಿ ತೊಟ್ಟ ವ್ರತದ ಬಿಸಿ ಆಕೆಯ ಧರ್ಮಕ್ಕೆ ಸೇರದ ವೈದ್ಯರಿಗೆ ತಟ್ಟಿತು, ಅವರಿಂದ ಚರ್ಚಿನ ಮೆಟ್ಟಿಲು ಹತ್ತದ ಲಕ್ಷಾಂತರ ಮನೆಗಳ ಕಡೆಗೂ ಹರಿಯಿತು. ಆ ವ್ರತದಲ್ಲಿ ಇದ್ದದ್ದೇನು? ಕ್ರೈಸ್ತ ನಂಬಿಕೆ ತ್ಯಾಗವನ್ನೂ ಸೇವೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದೇಕೆ? ಉತ್ತರ ಹುಡುಕಲು ರೋಮ್‌ಗೆ ಹೋಗಬೇಕಿಲ್ಲ. ಬೊಮ್ಮಸಂದ್ರವನ್ನು ನಗರದ ಒಡಲಿಗೆ ಜೋಡಿಸುವ ಹೊಸೂರು ರಸ್ತೆಯ ಅಕ್ಕಪಕ್ಕದಲ್ಲೇ ಅದು ಇದೆ.

ಮೂರರ ಮೇಲೊಂದು

ಕಥೋಲಿಕ ಸನ್ಯಾಸಿಗಳು, ಸಿಸ್ಟರುಗಳು ತೊಡುವ ವ್ರತಗಳು ಮೂರು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಮೂರೂ ಬಿಡುವ ವ್ರತಗಳು. ಆಸ್ತಿ ಬಿಡಬೇಕು, ಸಂಸಾರ ಬಿಡಬೇಕು, ನನ್ನಿಷ್ಟದಂತೆ ನಡೆಯುತ್ತೇನೆಂಬ ಹಟ ಬಿಡಬೇಕು. ಜೈನ ಮುನಿಗಳನ್ನೂ ವಿರಕ್ತ ಮಠಗಳನ್ನೂ ಬಲ್ಲ ಕನ್ನಡನಾಡಿಗೆ ಈ ಬಿಡುವಿಕೆ ಹೊಸತಲ್ಲ. ಕೆಲವು ಸನ್ಯಾಸಿ ಸಭೆಗಳು ಮಾತ್ರ ಈ ಮೂರರ ಮೇಲೆ ನಾಲ್ಕನೆಯದೊಂದನ್ನು ತೊಡುತ್ತವೆ. ಮದರ್ ತೆರೇಸಾ 1950ರಲ್ಲಿ ಕೋಲ್ಕತ್ತದಲ್ಲಿ ಆರಂಭಿಸಿದ ಮಿಷನರೀಸ್ ಆಫ್ ಚಾರಿಟಿಯಲ್ಲಿ ಆ ನಾಲ್ಕನೆಯದು, ಬಡವರಲ್ಲಿ ತೀರ ಬಡವರಿಗೆ ಮನಸಾರೆ, ಏನನ್ನೂ ಪಡೆಯದೆ ಸೇವೆ ಮಾಡುವುದು.

ಮೊದಲ ಮೂರು ವ್ರತ ಏನನ್ನು ಬಿಡಬೇಕೆಂದು ಹೇಳಿದರೆ, ನಾಲ್ಕನೆಯದು ಯಾರಿಗಾಗಿ ಎಂದು ಹೇಳುತ್ತದೆ. ತ್ಯಾಗಕ್ಕೆ ಒಂದು ವಿಳಾಸ ಬೇಕು. ವಿಳಾಸವಿಲ್ಲದ ತ್ಯಾಗ ತನ್ನನ್ನು ತಾನು ನೋಯಿಸಿಕೊಳ್ಳುವ ಹಟವಾಗಿ ಉಳಿದುಬಿಡಬಹುದು.

ಇದು ಬೈಬಲಿನಲ್ಲೇ ಇರುವ ಎಚ್ಚರಿಕೆ. ದೇವರಿಗೆ ಬೇಕಾದದ್ದು ಬಲಿಯ ಪ್ರಾಣಿಗಿಂತ ಕರುಣೆ ಎಂದು ಪ್ರವಾದಿ ಹೋಶೇಯ ಸಾರಿದ. ಯೇಸು ಅದನ್ನೇ ಮತ್ತೆ ಹೇಳಿದ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಇನ್ನೂ ಮುಂದೆ ಹೋಗುತ್ತಾನೆ: ಇದ್ದುದನ್ನೆಲ್ಲ ಹಂಚಿದರೂ, ಮೈಯನ್ನೇ ಒಪ್ಪಿಸಿದರೂ, ಪ್ರೀತಿಯಿಲ್ಲದಿದ್ದರೆ ಅದೆಲ್ಲ ವ್ಯರ್ಥ. ಶಿಲುಬೆಯನ್ನು ನಡುವೆ ಇಟ್ಟುಕೊಂಡ ಧರ್ಮವೊಂದು, ಬರಿಯ ನೋವಿಗೆ ಪುಣ್ಯವಿಲ್ಲ ಎಂದು ಇಷ್ಟು ಕಟುವಾಗಿ ಹೇಳಿರುವುದನ್ನು ನಾವು ಗಮನಿಸಬೇಕು.

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಮಾಡಿದ್ದು ಇನ್ನೂ ಸ್ಪಷ್ಟ. ಊಟದ ನಡುವೆ ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಶಿಷ್ಯರ ಕಾಲು ತೊಳೆದ. ಅಂದಿನ ಮನೆಗಳಲ್ಲಿ ಅದು ಆಳುಗಳ ಕೆಲಸ. ಶಿಷ್ಯ ಪೇತ್ರ ಬೇಡವೆಂದ. ತನ್ನ ಗುರು ತಗ್ಗುವುದನ್ನು ನೋಡಲು ಅವನಿಗೆ ಆಗಲಿಲ್ಲ. ಪವಿತ್ರ ಗುರುವಾರದ ಬಲಿಪೂಜೆಯಲ್ಲಿ ಪಾದ್ರಿಗಳು ಇಂದಿಗೂ ಭಕ್ತರ ಕಾಲು ತೊಳೆಯುತ್ತಾರೆ. ಬಹುಕಾಲ ಈ ವಿಧಿ ಗಂಡಸರಿಗಷ್ಟೇ ಮೀಸಲಾಗಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿ ಹೆಣ್ಣುಮಕ್ಕಳನ್ನೂ ಸೇರಿಸಿದರು. ಶುಭ ಶುಕ್ರವಾರದ ಮರಣ ಒಮ್ಮೆ ನಡೆದದ್ದು. ಅದರ ಅರ್ಥವನ್ನು ದಿನದಿನವೂ ಬದುಕುವ ಬಗೆಯನ್ನು ಗುರುವಾರದ ನೀರಿನ ಬೋಗುಣಿ ತೋರಿಸಿತು.

ಹಾಸಿಗೆ ಬಿಟ್ಟುಕೊಟ್ಟವಳು

ರಿಚ್‌ಮಂಡ್ ಟೌನಿನ ಬಳಿ, ಹೊಸೂರು ರಸ್ತೆಯಲ್ಲಿ, ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಎಂಬ ಸಭೆಯ ವೃದ್ಧಾಶ್ರಮವಿದೆ. ಈ ಸಭೆಯ ನಾಲ್ಕನೆಯ ವ್ರತ ಆತಿಥ್ಯ. ಅದರ ಹುಟ್ಟು ಫ್ರಾನ್ಸಿನ ಬಡ ಹೆಣ್ಣೊಬ್ಬಳ ಮನೆಯಲ್ಲಿ. ಮನೆಗೆಲಸ ಮಾಡಿಕೊಂಡಿದ್ದ ಜಾನ್ ಜುಗಾನ್ 1839ರ ಚಳಿಗಾಲದಲ್ಲಿ, ಕಣ್ಣು ಕಾಣದ, ಅರ್ಧ ಮೈ ಸ್ವಾಧೀನ ತಪ್ಪಿದ್ದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟಳು. ತಾನು ಅಟ್ಟದಲ್ಲಿ ಮಲಗಿದಳು. ಒಬ್ಬಳ ಜೊತೆಗೆ ಇನ್ನೊಬ್ಬಳು, ಮತ್ತೊಬ್ಬಳು ಬಂದರು. ಅವರನ್ನು ಸಾಕಲು ಜುಗಾನ್ ಜೋಳಿಗೆ ಹಿಡಿದು ಮನೆಮನೆ ತಿರುಗಿದಳು.

ಜೋಳಿಗೆಯ ಆ ಪದ್ಧತಿ ಸಭೆಯಲ್ಲಿ ಇಂದಿಗೂ ಉಳಿದಿದೆ. ಕೂಡಿಟ್ಟ ನಿಧಿಯ ಬಡ್ಡಿಯ ಮೇಲೆ ಅವರು ಬದುಕುವುದಿಲ್ಲ. ಸಿಸ್ಟರುಗಳು ಅಂಗಡಿ, ಮಾರುಕಟ್ಟೆಗಳಿಗೆ ಹೋಗಿ ಆಶ್ರಮದ ಹಿರಿಯರಿಗಾಗಿ ಕೇಳಿ ತರುತ್ತಾರೆ. ಆಶ್ರಮ ಸೇರುವವರ ಜಾತಿ, ಧರ್ಮ ಕೇಳುವುದಿಲ್ಲ. ಜಂಗಮರ ಜೋಳಿಗೆಯನ್ನೂ ದಾಸರ ಮಧುಕರ ವೃತ್ತಿಯನ್ನೂ ಕಂಡ ನಾಡಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಕೇಳುವವರು ತಗ್ಗಬೇಕು, ಕೊಡುವವರಿಗೂ ಪುಣ್ಯದ ಪಾಲು ಸಿಗಬೇಕು.

ಮುಂದೆ ಸಭೆಯ ಮೇಲ್ವಿಚಾರಣೆ ವಹಿಸಿಕೊಂಡ ಪಾದ್ರಿ ಜುಗಾನ್‌ಳನ್ನು ಬದಿಗೆ ಸರಿಸಿ, ಸ್ಥಾಪಕನ ಹೆಸರನ್ನು ತಾನೇ ಪಡೆದ. ಆಕೆ ತಾನು ಕಟ್ಟಿದ ಸಭೆಯಲ್ಲೇ 27 ವರ್ಷ ಹೆಸರಿಲ್ಲದೆ ಬದುಕಿ 1879ರಲ್ಲಿ ತೀರಿಕೊಂಡಳು. ಅವಳಿಗೆ ಆದದ್ದು ಅನ್ಯಾಯ, ಅದನ್ನು ತ್ಯಾಗವೆಂದು ಕರೆದು ಅಂದಗೊಳಿಸಬಾರದು. ಹಾಸಿಗೆ ಬಿಟ್ಟುಕೊಟ್ಟದ್ದು ಅವಳ ತ್ಯಾಗ. ಹೆಸರು ಕಸಿದುಕೊಂಡದ್ದು ಇನ್ನೊಬ್ಬನ ತಪ್ಪು. 2009ರ ಅಕ್ಟೋಬರ್ 11ರಂದು ಚರ್ಚು ಆಕೆಯನ್ನು ಸಂತಳೆಂದು ಘೋಷಿಸಿತು. ಅದೇ ದಿನ ಅದೇ ಗೌರವ ಪಡೆದ ಇನ್ನೊಬ್ಬರು ಫಾದರ್ ಡೇಮಿಯನ್. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗ ತಗುಲಿ 1889ರಲ್ಲಿ ಸತ್ತವರು. ಡೇಮಿಯನ್ನರ ಕಥೆ ಲೋಕಕ್ಕೆಲ್ಲ ಗೊತ್ತು. ಜುಗಾನ್‌ಳನ್ನು ಬಲ್ಲವರು ಕಡಿಮೆ. ಒಬ್ಬರು ಪ್ರಾಣ ಕೊಟ್ಟರು, ಒಬ್ಬರು ಹಾಸಿಗೆ ಕೊಟ್ಟರು. ಚರ್ಚು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು.

ಬೆಂಗಳೂರಿಗೆ 1854ರಲ್ಲೇ ಬಂದ ಗುಡ್ ಶೆಫರ್ಡ್ ಸಿಸ್ಟರುಗಳಿಗೂ ನಾಲ್ಕನೆಯ ವ್ರತವಿದೆ. ದಾರಿ ಕಾಣದ ಹೆಣ್ಣುಮಕ್ಕಳ ಉದ್ಧಾರಕ್ಕಾಗಿ ಉತ್ಸಾಹದಿಂದ ದುಡಿಯುವುದು ಅವರ ಪಣ. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಇವರೇ.

ಪ್ರಾಣಕ್ಕೆ ಕುತ್ತು ಬಂದರೂ

ನಾಲ್ಕನೆಯ ವ್ರತಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಕಮಿಲಿಯನ್ನರದು. ಸಭೆಯ ಸ್ಥಾಪಕ ಕಮಿಲ್ಲಸ್ ದೆ ಲೆಲ್ಲಿಸ್ 1550ರಲ್ಲಿ ಇಟಲಿಯಲ್ಲಿ ಹುಟ್ಟಿದ. ಸಿಪಾಯಿಯಾಗಿದ್ದ, ಜೂಜಿನಲ್ಲಿ ಎಲ್ಲ ಕಳೆದುಕೊಂಡ. ಕಾಲಿನ ಹುಣ್ಣು ಸಾಯುವವರೆಗೂ ಮಾಯಲಿಲ್ಲ. ಅದರ ಚಿಕಿತ್ಸೆಗೆಂದು ರೋಮಿನ ಆಸ್ಪತ್ರೆ ಸೇರಿದವನು, ಅಲ್ಲಿನ ಕೂಲಿಯಾಳುಗಳು ರೋಗಿಗಳನ್ನು ಎಷ್ಟು ತಾತ್ಸಾರದಿಂದ ನೋಡುತ್ತಾರೆಂದು ಕಣ್ಣಾರೆ ಕಂಡ. 1582ರಲ್ಲಿ ರೋಗಿಗಳನ್ನು ತಾಯಿಯಂತೆ ನೋಡಿಕೊಳ್ಳುವ ಗೆಳೆಯರನ್ನು ಒಟ್ಟುಗೂಡಿಸಬೇಕೆಂದು ಹೊರಟ. ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಅವರ ಗುರುತಾಯಿತು. ಪ್ರಾಣಕ್ಕೆ ಕುತ್ತು ಬಂದರೂ ರೋಗಿಯನ್ನು ಬಿಡೆನು ಎಂಬುದು ಅವರ ನಾಲ್ಕನೆಯ ವ್ರತ. ಪ್ಲೇಗು ಬಂದಾಗಲೆಲ್ಲ ಆ ಮಾತಿಗೆ ಕಟ್ಟುಬಿದ್ದು ಬಹಳ ಜನ ಸತ್ತರು.

ಇದೇ ಸಭೆ 1997ರಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ‘ಸ್ನೇಹದಾನ್’ ಎಂಬ ಆರೈಕೆ ಕೇಂದ್ರ ತೆರೆಯಿತು. ಎಚ್‌ಐವಿ ಸೋಂಕಿತರಿಗಾಗಿ. ಆಗಿನ ದಿನಗಳನ್ನು ನೆನಪಿಸಿಕೊಳ್ಳಿ. ಸೋಂಕಿತರೆಂದರೆ ನೆಂಟರು ಮುಖ ತಿರುಗಿಸುತ್ತಿದ್ದರು, ಬಾಡಿಗೆ ಮನೆ ಬಿಡಿಸುತ್ತಿದ್ದರು, ಹಾಸಿಗೆ ಕೊಡಲು ಆಸ್ಪತ್ರೆಗಳೇ ಹಿಂಜರಿಯುತ್ತಿದ್ದವು. ಸೋಂಕನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡಲು ಶುರುಮಾಡಿದ್ದು 2004ರಲ್ಲಿ. ನಡುವಿನ ಏಳು ವರ್ಷ ಬಡ ರೋಗಿಯ ಪಾಲಿಗೆ ಬದುಕುಳಿಯುವ ಭರವಸೆ ಹೆಚ್ಚೇನೂ ಇರಲಿಲ್ಲ. ಹುಣ್ಣು ತೊಳೆಯುವುದು, ಗಂಜಿ ಕುಡಿಸುವುದು, ಸಾಯುವಾಗ ಕೈ ಹಿಡಿದು ಕೂರುವುದು, ಇವೇ ಆರೈಕೆ.

ಮುಟ್ಟಿದರೆ ಎಚ್‌ಐವಿ ಹರಡುವುದಿಲ್ಲ; ನಾಲ್ಕು ಶತಮಾನಗಳ ಹಿಂದಿನ ಪ್ಲೇಗಿನಷ್ಟು ಪ್ರಾಣಭಯ ಇಲ್ಲಿ ಇರಲಿಲ್ಲ. ಆರೈಕೆ ಮಾಡಿದವರು ಪಣಕ್ಕಿಟ್ಟದ್ದು ತಮ್ಮ ಬಗ್ಗೆ ಜನ ಇಟ್ಟಿದ್ದ ಮರ್ಯಾದೆಯನ್ನು. ಮಾತ್ರೆ ಬಂದ ಮೇಲೆ ಕೆಲಸದ ರೂಪವೇ ಬದಲಾಯಿತು. ಸಾಯುವವರ ಪಕ್ಕ ಕೂರುವುದರ ಜಾಗದಲ್ಲಿ ಬದುಕುವವರಿಗೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಸೋಂಕಿನೊಂದಿಗೆ ಹುಟ್ಟಿದ ಮಕ್ಕಳನ್ನು ಓದಿಸಿ ಬೆಳೆಸುವುದು ಮುಖ್ಯವಾಯಿತು. ವ್ರತ ಕೆಲಸವನ್ನು ಹೆಸರಿಸದೆ ರೋಗಿಯನ್ನು ಹೆಸರಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಅಡ್ಡ ಬಂದ ನಿಯಮ

ಸೇವೆಗೆ ಚರ್ಚಿನ ನಿಯಮವೇ ಅಡ್ಡ ಬಂದ ಕಾಲವೂ ಇತ್ತು. ಸಿಸ್ಟರುಗಳು ವೈದ್ಯವೃತ್ತಿ, ಅದರಲ್ಲೂ ಹೆರಿಗೆಯ ಚಿಕಿತ್ಸೆ ಮಾಡುವುದಕ್ಕೆ ನಿಷೇಧವಿತ್ತು. ಗಂಡು ವೈದ್ಯರ ಬಳಿ ಹೋಗಲಾಗದ ಭಾರತದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲವದು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ವೈದ್ಯವೃತ್ತಿ ಮುಂದುವರಿಸಲು ಪೋಪರಿಂದಲೇ ವಿಶೇಷ ಅನುಮತಿ ಪಡೆಯಬೇಕಾಯಿತು. ಎಲ್ಲರಿಗೂ ನಿಷೇಧ ತೆರವಾದದ್ದು 1936ರಲ್ಲಿ. 1943ರಲ್ಲಿ ಅವರು ಕಥೋಲಿಕ ಆಸ್ಪತ್ರೆಗಳ ಸಂಘ ಕಟ್ಟಿದರು. ಭಾರತದಲ್ಲೊಂದು ಕಥೋಲಿಕ ವೈದ್ಯಕೀಯ ಕಾಲೇಜು ಬರಬೇಕೆಂಬುದು ಅವರ ಕನಸು. ಅದು ಕೈಗೂಡುವ ಮುನ್ನವೇ, 1957ರಲ್ಲಿ, ಕ್ಯಾನ್ಸರಿನಿಂದ ಬೆಂಗಳೂರಿನಲ್ಲೇ ತೀರಿಕೊಂಡರು.

ಆ ಕನಸು 1963ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಾಗಿ ಇದೇ ನಗರದಲ್ಲಿ ಶುರುವಾಯಿತು. ಹೊಸೂರು ರಸ್ತೆಯಲ್ಲಿ ಕೋರಮಂಗಲ ದಾಟುವವರೆಲ್ಲ ಅದರ ಕಾಂಪೌಂಡು ಕಂಡಿರುತ್ತಾರೆ. ಇಲ್ಲಿ ಓದುವವರಲ್ಲಿ ಹೆಚ್ಚಿನವರು ಸನ್ಯಾಸಿಗಳೂ ಅಲ್ಲ, ಎಲ್ಲರೂ ಕ್ರೈಸ್ತರೂ ಅಲ್ಲ. ಆದರೂ ಎಂಬಿಬಿಎಸ್ ಮುಗಿಸಿದವರು ವೈದ್ಯರು ಸಿಗದ ಕಡೆ ಎರಡು ವರ್ಷ ಕೆಲಸ ಮಾಡುವ ಬಾಂಡಿಗೆ ಸಹಿ ಹಾಕುತ್ತಾರೆ. ಬೊಮ್ಮಸಂದ್ರ ಇರುವ ಆನೇಕಲ್ ತಾಲ್ಲೂಕಿನದೇ ಮುಗಳೂರಿನಲ್ಲಿ ಕಾಲೇಜಿನ ಸಮುದಾಯ ಆರೋಗ್ಯ ಕೇಂದ್ರವಿದೆ. ಹಳ್ಳಿಯ ರೋಗವನ್ನು ಹಳ್ಳಿಯಲ್ಲೇ ನಿಂತು ನೋಡುವುದನ್ನು ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಾರೆ. ಸನ್ಯಾಸಿನಿಯ ಆಜೀವ ವ್ರತ ಗೃಹಸ್ಥರ ಮಕ್ಕಳಿಗೆ ಎರಡು ವರ್ಷದ ಬಾಂಡಾಗಿ ಇಳಿದು ಬಂದ ಬಗೆ ಇದು.

ವ್ರತವೇ ಬೇಡವೆಂದ ಕ್ರೈಸ್ತರೂ ಇದ್ದಾರೆ. ಮಾರ್ಟಿನ್ ಲೂಥರ್ 1521ರಲ್ಲೇ ಸನ್ಯಾಸ ವ್ರತಗಳ ವಿರುದ್ಧ ಬರೆದ. ಚಪ್ಪಲಿ ಹೊಲಿಯುವವನ ಕೆಲಸವೂ ಮಗು ಆಡಿಸುವ ತಾಯಿಯ ಕೆಲಸವೂ ದೇವರ ಕರೆಯೇ ಎಂಬುದು ಅವನ ವಾದ. ಪ್ರೊಟೆಸ್ಟೆಂಟರ ಸೇವೆ ಬೆಳೆದದ್ದು ಆ ವಾದದ ಮೇಲೆ. ಬೊಮ್ಮಸಂದ್ರದಿಂದ ಹೊಸೂರು, ಕೃಷ್ಣಗಿರಿ ಹಾದು ಅದೇ ಹೆದ್ದಾರಿ ಹಿಡಿದರೆ ಸಿಗುವ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಅದಕ್ಕೆ ಸಾಕ್ಷಿ. ಅದನ್ನು ಕಟ್ಟಿದ, ಮಿಷನರಿ ಕುಟುಂಬದ ಅಮೆರಿಕದ ಹುಡುಗಿ ಐಡಾ ಸ್ಕಡರ್ ಭಾರತದಲ್ಲಿ ನೆಲೆಸಲು ಬಂದವಳಲ್ಲ. ಒಂದೇ ರಾತ್ರಿ ಮೂವರು ಗಂಡಸರು, ಬೇರೆ ಬೇರೆ ಜಾತಿ ಧರ್ಮದವರು, ಹೆರಿಗೆ ನೋವಿನಲ್ಲಿದ್ದ ಹೆಂಡತಿಯರಿಗಾಗಿ ಸಹಾಯ ಕೇಳಿ ಬಂದರು. ವೈದ್ಯರಾಗಿದ್ದ ತಂದೆಯನ್ನು ಒಳಗೆ ಬಿಡಲು ಮೂವರೂ ಒಪ್ಪಲಿಲ್ಲ, ಆಕೆಯೋ ವೈದ್ಯೆಯಾಗಿರಲಿಲ್ಲ. ಮೂವರು ಹೆಂಗಸರೂ ಸತ್ತರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ ಮರಳಿದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು. ಬಾಯಿಬಿಟ್ಟು ವ್ರತ ತೊಡದಿದ್ದರೂ ಅವರ ಬದುಕಿಗೆ ವಿಳಾಸ ಸಿಕ್ಕಿತ್ತು.

ವ್ರತ ತೊಟ್ಟವರದು ಮಾತ್ರ

ತ್ಯಾಗದ ಮಾತಿಗೆ ಅಪಾಯಗಳೂ ಇವೆ. ಮೊದಲನೆಯದು, ಅದನ್ನು ಬೇರೆಯವರ ಮೇಲೆ ಹೇರುವುದು. ಕರಾವಳಿಯ, ಕೇರಳದ ಕ್ರೈಸ್ತ ಮನೆಗಳ ಎಷ್ಟೋ ಹೆಣ್ಣುಮಕ್ಕಳು ನರ್ಸುಗಳಾಗಿ ದೇಶದ ಆಸ್ಪತ್ರೆಗಳನ್ನು ನಡೆಸಿದ್ದಾರೆ. ‘ಇದು ಸೇವೆ’ ಎಂದು ಹೊಗಳಿ ಅವರಿಗೆ ಕಡಿಮೆ ಸಂಬಳ ಕೊಟ್ಟದ್ದು ಈ ದೇಶದ ಖಾಸಗಿ ಆಸ್ಪತ್ರೆಗಳ ಹಳೆಯ ಚಾಳಿ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ, ತೀರ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದೂ, 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳು ಸರ್ಕಾರಿ ನರ್ಸಿನಷ್ಟೇ ಕೊಡಬೇಕೆಂದೂ ಶಿಫಾರಸು ಮಾಡಬೇಕಾಗಿ ಬಂತು. ಯೇಸು ತಾನು ಬಗ್ಗಿ ಕಾಲು ತೊಳೆದ; ಶಿಷ್ಯರನ್ನು ಬಗ್ಗಿಸಿ ತನ್ನ ಕಾಲು ತೊಳೆಸಿಕೊಳ್ಳಲಿಲ್ಲ. ಬೇರೆಯವರ ತ್ಯಾಗವನ್ನು ಬಜೆಟ್ಟಿನಲ್ಲಿ ಲೆಕ್ಕ ಹಿಡಿಯುವ ಆಸ್ಪತ್ರೆ, ಯಾವ ಧರ್ಮದ್ದೇ ಆಗಿರಲಿ, ಈ ಪಾಠವನ್ನು ತಲೆಕೆಳಗು ಮಾಡಿದೆ.

ಎರಡನೆಯದು, ಪ್ರೀತಿಯೊಂದಿದ್ದರೆ ಸಾಕು, ಪರಿಣತಿ ಬೇಡ ಎಂಬ ಭ್ರಮೆ. ಕೋಲ್ಕತ್ತದ ಮದರ್ ತೆರೇಸಾ ಆಶ್ರಮದಲ್ಲಿ ಸಾಯುವವರಿಗೆ ಸಾಕಷ್ಟು ಪ್ರಬಲ ನೋವು ನಿವಾರಕಗಳು ಸಿಗುತ್ತಿಲ್ಲವೆಂದು 1994ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವೈದ್ಯರೊಬ್ಬರು ಬರೆದರು. ಆ ಟೀಕೆಯನ್ನು ಭಕ್ತಿಯಿಂದ ಮುಚ್ಚಬಾರದು. ಅದಕ್ಕೆ ಉತ್ತರ ಕ್ರೈಸ್ತ ಪರಂಪರೆಯೊಳಗೇ ಇತ್ತು. ಆಳವಾದ ನಂಬಿಕೆಯ ಸಿಸಿಲಿ ಸಾಂಡರ್ಸ್ ಮೊದಲು ನರ್ಸಾಗಿ, ಆಮೇಲೆ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾಯುವವರ ಆರೈಕೆಯ ಮನೆ ತೆರೆದರು. ಕೈ ಹಿಡಿದು ಕೂರುವುದನ್ನೂ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡುವುದನ್ನೂ ಒಂದೇ ಆರೈಕೆಯಾಗಿ ಬೆಸೆದರು.

ಮೂರನೆಯದು, ಸೇವೆಗೆ ಮತಾಂತರದ ಷರತ್ತು ಅಂಟಿಸುವುದು. ಆ ಅನುಮಾನ ನಮ್ಮ ಸಮಾಜದಲ್ಲಿ ಇದೆ. ಅದನ್ನು ಅಳೆಯುವ ಕೋಲನ್ನು ಯೇಸು ಹೇಳಿದ ಸಮಾರಿಯದವನ ಕಥೆಯೇ ಕೊಡುತ್ತದೆ. ದಾರಿಯಲ್ಲಿ ಕಳ್ಳರಿಂದ ಏಟು ತಿಂದು ಬಿದ್ದವನನ್ನು ಪುರೋಹಿತನೂ ದೇವಾಲಯದ ಸೇವೆಯ ಲೇವಿಯನೂ ನೋಡಿಯೂ ಬದಿಗೆ ಹಾದುಹೋದರು. ಯೆಹೂದ್ಯರು ಕೀಳೆಂದು ಕಾಣುತ್ತಿದ್ದ ಸಮಾರಿಯದವನು ಗಾಯ ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದ. ಅವನು ಏನನ್ನೂ ಬೋಧಿಸಲಿಲ್ಲ. ಮಾರನೆಯ ದಿನ ಛತ್ರದವನಿಗೆ ಎರಡು ದೆನಾರಿ, ಅಂದರೆ ಕೂಲಿಯವನ ಎರಡು ದಿನದ ದುಡಿಮೆ, ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆಂದ. ಕನಿಕರ ಕ್ಷಣದಲ್ಲಿ ಹುಟ್ಟಬಹುದು. ನಾಳೆಯ ಖರ್ಚಿನ ಲೆಕ್ಕ ಹಾಕಿ, ಮತ್ತೆ ಬರುತ್ತೇನೆಂದು ಮಾತು ಕೊಟ್ಟಾಗ ಅದು ಸೇವೆಯಾಯಿತು. ನಮ್ಮ ಶರಣರು ದಾಸೋಹವನ್ನು ದಿನದ ಕಾಯಕಕ್ಕೆ ಕಟ್ಟಿಹಾಕಿದ್ದರಲ್ಲೂ ಇದೇ ವಿವೇಕ ಕಾಣುತ್ತದೆ.

ಬೊಮ್ಮಸಂದ್ರಕ್ಕೆ ಒಂದು ಪಟ್ಟಿ

ಪಾಳಿಯಲ್ಲಿ ದುಡಿಯುವ, ಬಾಡಿಗೆ, ಇಎಂಐ, ಮಕ್ಕಳ ಫೀಸಿನಲ್ಲಿ ಹೈರಾಣಾದ ಬೊಮ್ಮಸಂದ್ರದ ಕ್ರೈಸ್ತ ಕುಟುಂಬಕ್ಕೆ ಆಜೀವ ವ್ರತವನ್ನು ಯಾರೂ ಹೇಳಲಾರರು. ನಾಲ್ಕನೆಯ ವ್ರತದ ತಿರುಳು ಮಾತ್ರ ಅವರ ಕೈಗೆ ಎಟಕುವಂಥದು: ಯಾರಿಗಾಗಿ ಎಂದು ಮೊದಲು ಗೊತ್ತುಮಾಡಿಕೊಳ್ಳುವುದು, ಎಷ್ಟು ಕಾಲ ಎಂದು ಮಾತು ಕೊಡುವುದು, ಕೊಟ್ಟ ಮಾತಿಗೆ ಬರುವುದು.

ಇಲ್ಲಿಯ ಆಸ್ಪತ್ರೆಗಳ ಮುಂದೆ ಭಾಷೆ ಗೊತ್ತಿಲ್ಲದೆ ನಿಂತ ಬಂಗಾಳಿ ಕುಟುಂಬಗಳಿವೆ. ಅದೇ ಬಡಾವಣೆಯ ಕಾರ್ಖಾನೆಗಳಲ್ಲಿ ಬಂಗಾಳಿಯನ್ನೂ ಹಿಂದಿಯನ್ನೂ ಬಲ್ಲ ಕಾರ್ಮಿಕರಿದ್ದಾರೆ. ಕ್ಯಾನ್ಸರ್ ರೋಗಿಗಳಿಗೆ ಪ್ಲೇಟ್‌ಲೆಟ್ ಬೇಕು. ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಆದ್ದರಿಂದ ವರ್ಷಕ್ಕೊಂದು ಶಿಬಿರ ಸಾಲದು, ಕರೆದಾಗ ಬರುವ ದಾನಿಗಳು ಬೇಕು. ಒಂಟಿ ರೋಗಿಯ ಪಕ್ಕ ಒಂದು ರಾತ್ರಿ ಕೂರುವವರಿದ್ದರೆ, ಜೊತೆಗೆ ಬಂದವನು ಆ ಒಂದು ರಾತ್ರಿ ಕಣ್ಣು ಮುಚ್ಚಬಹುದು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಮಾಂಸ ಬಿಡುವವರು, ಒಪ್ಪತ್ತು ಮಾಡುವವರು ನಮ್ಮ ಚರ್ಚುಗಳಲ್ಲಿ ಬೇಕಾದಷ್ಟಿದ್ದಾರೆ. ಆ ಉಪವಾಸಕ್ಕೆ ವಿಳಾಸ ಸಿಗಲಿ. ಆ ಕಾಲ ಶುರುವಾಗುವ ಬರುವ ವಿಭೂತಿ ಬುಧವಾರ ಪ್ರತಿ ಚರ್ಚಿನ ಬಾಗಿಲಲ್ಲಿ ಒಂದು ಪಟ್ಟಿ ಅಂಟಿಸೋಣ: ಹೆಸರು, ವಾರ, ಗಂಟೆ, ಯಾವ ವಾರ್ಡು. ಈಸ್ಟರ್ ಮುಗಿದ ಮೇಲೂ ಅದನ್ನು ಕಿತ್ತುಹಾಕದಿರೋಣ. ತಾವು ಎಷ್ಟು ಕಷ್ಟಪಟ್ಟೆವು ಎಂಬುದನ್ನು ಬರೆಯಲು ಆ ಪಟ್ಟಿಯಲ್ಲಿ ಜಾಗ ಬೇಕಿಲ್ಲ. ಬರುತ್ತೇವೆಂದವರು ಬಂದರೇ ಎಂಬುದಕ್ಕೆ ಒಂದು ಗುರುತು ಹಾಕಲು ಜಾಗವಿದ್ದರೆ ಸಾಕು.